ಉಳಿದ ಕೆಲಸ ಯಾರು ಮಾಡ್ತಾರೆ?

ಹಂದಿಯ ಅಂಗವನ್ನು ಮನುಷ್ಯನಿಗೆ ಕಸಿ ಮಾಡಿದ ಸುದ್ದಿ ಬಂದಾಗೆಲ್ಲ ಚಿಕ್ಕಮ್ಮ ಅದನ್ನು ನನಗೆ ಕಳಿಸುತ್ತಾರೆ. ಕೆಳಗೆ ಒಂದೇ ಸಾಲು ಇರುತ್ತದೆ. ಒಮ್ಮೆ 'ಇದು ನಿಜಾನಾ?' ಅಂತ. ಇನ್ನೊಮ್ಮೆ 'ಇದೆಲ್ಲ ನಮ್ಮಂಥವರಿಗೆ ಯಾವಾಗ?' ಅಂತ. 2024ರ ಮಾರ್ಚ್‌ನಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ 62 ವರ್ಷದ ಒಬ್ಬರಿಗೆ ಹಂದಿಯ ಕಿಡ್ನಿ ಹಾಕಿದಾಗ ಮಾತ್ರ ಅವರು ಕೇಳಿದ್ದು ಬೇರೆ. 'ಹಾಕಿಸ್ಕೊಂಡ ಮೇಲೆ ಬೇಕಾದಷ್ಟು ನೀರು ಕುಡೀಬಹುದಾ?'

ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಚಿಕ್ಕಪ್ಪನ ಎರಡೂ ಕಿಡ್ನಿ ಕೆಟ್ಟು, ಡಯಾಲಿಸಿಸ್ ಶುರುವಾಗಿ ವರ್ಷಗಳಾದವು. ಮೂತ್ರ ಹೋಗುವುದು ಪೂರ್ತಿ ನಿಂತಿದೆ. ಕುಡಿದ ನೀರೆಲ್ಲ ಮುಂದಿನ ಡಯಾಲಿಸಿಸ್‌ವರೆಗೆ ಮೈಯಲ್ಲೇ ಉಳಿಯುತ್ತದೆ. ಕಾಲು ಊದಿಕೊಳ್ಳುತ್ತದೆ, ಜಾಸ್ತಿಯಾದರೆ ಶ್ವಾಸಕೋಶಕ್ಕೂ ನೀರು ತುಂಬುತ್ತದೆ. ಅದಕ್ಕೆ ಬೆಳಗ್ಗೆ ಎದ್ದ ಕೂಡಲೇ ಚಿಕ್ಕಮ್ಮ ಒಂದು ಬಾಟಲಿಯಲ್ಲಿ ಇಡೀ ದಿನದ ನೀರನ್ನು ಅಳೆದಿಡುತ್ತಾರೆ. ಮಾತ್ರೆ ನುಂಗುವ ನೀರೂ ಅದರಲ್ಲೇ ಆಗಬೇಕು. ಚಿಕ್ಕಪ್ಪನ ಎದುರಿಗೆ ಚಿಕ್ಕಮ್ಮ ನೀರು ಕುಡಿಯುವುದಿಲ್ಲ. ಹಾಗೆ ಮಾಡಿ ಅಂತ ಯಾವ ಡಾಕ್ಟರೂ ಹೇಳಿದ್ದಲ್ಲ.

ಕೃತಕ ಅಂಗ ಅಂದ ಕೂಡಲೇ ನಮಗೆಲ್ಲ ಕಾಣುವುದು ಕೆಟ್ಟದ್ದನ್ನು ತೆಗೆದು ಹೊಸದನ್ನು ಕೂರಿಸುವ ಚಿತ್ರ. ಇಷ್ಟು ವರ್ಷ ಹತ್ತಿರದಿಂದ ನೋಡಿದ ಮೇಲೆ ನನಗೆ ಕಾಣುವುದು ಬೇರೆ. ಒಂದೊಂದು ಅಂಗಕ್ಕೂ ಹತ್ತಾರು ಕೆಲಸ ಇರುತ್ತದೆ. ಯಂತ್ರ ಅದರಲ್ಲಿ ಒಂದನ್ನೋ ಎರಡನ್ನೋ ವಹಿಸಿಕೊಳ್ಳುತ್ತದೆ. ಉಳಿದದ್ದನ್ನು ಯಾರಾದರೂ ಮಾಡಲೇಬೇಕು. ಸ್ವಲ್ಪ ಮಾತ್ರೆಗಳು ಮಾಡುತ್ತವೆ, ಸ್ವಲ್ಪ ರೋಗಿ ಮಾಡುತ್ತಾರೆ, ಮಿಕ್ಕಿದ್ದು ಮನೆಯವರ ಮೇಲೆ ಬೀಳುತ್ತದೆ. ಈ ಕ್ಷೇತ್ರದಲ್ಲಿ ಏನೇ ಹೊಸದು ಬಂದರೂ ನಾನು ಮೊದಲು ಹುಡುಕುವುದು ಇದನ್ನೇ: ಉಳಿದ ಕೆಲಸ ಯಾರ ಪಾಲಿಗೆ ಬಂತು?

168ರಲ್ಲಿ 12 ಗಂಟೆ

ವಾರಕ್ಕೆ 168 ಗಂಟೆ. ಸರಿಯಾಗಿರುವ ಕಿಡ್ನಿ ಅಷ್ಟೂ ಹೊತ್ತು ದುಡಿಯುತ್ತದೆ, ನಾವು ಮಲಗಿದ್ದಾಗಲೂ. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ರಕ್ತಕ್ಕೆ ವಾಪಸ್ ಸೇರಿಸಿ, ಒಂದೆರಡು ಲೀಟರ್ ಮಾತ್ರ ಹೊರಗೆ ಕಳಿಸುತ್ತದೆ. ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ ಡಯಾಲಿಸಿಸ್ ಅಂದರೆ ಒಟ್ಟು 12 ಗಂಟೆ. ಉಳಿದ 156 ಗಂಟೆ ಸೋಸುವವರು ಯಾರೂ ಇಲ್ಲ. ಎರಡು ದಿನ ಸೇರಿಕೊಂಡ ನೀರನ್ನು ನಾಲ್ಕೇ ಗಂಟೆಯಲ್ಲಿ ಎಳೆದು ತೆಗೆಯುವಾಗ ಬಿಪಿ ದಡಕ್ಕನೆ ಇಳಿಯುತ್ತದೆ, ಕಾಲು ಸೆಟೆದುಕೊಳ್ಳುತ್ತದೆ. ಮನೆಗೆ ಬಂದು ಮಲಗಿದರೆ ಚಿಕ್ಕಪ್ಪನಿಗೆ ಆ ದಿನ ಅಲ್ಲಿಗೇ ಮುಗಿಯಿತು. ಯಂತ್ರದ ಮೇಲಿರುವುದು ನಾಲ್ಕು ಗಂಟೆ, ಹೋಗುವುದು ಇಡೀ ದಿನ.

ಇಷ್ಟಾಗಿಯೂ ಸೋಸುವುದು ಕಿಡ್ನಿಯ ಒಂದು ಕೆಲಸ ಅಷ್ಟೇ. ಕೆಂಪು ರಕ್ತಕಣ ಮಾಡು ಅಂತ ಮೂಳೆಯ ಮಜ್ಜೆಗೆ ಹೇಳುವ ಎರಿತ್ರೋಪೊಯೆಟಿನ್ ಅನ್ನುವ ಹಾರ್ಮೋನ್ ತಯಾರಾಗುವುದು ಕಿಡ್ನಿಯಲ್ಲಿ. ವಿಟಮಿನ್ ಡಿ ಮೈಗೆ ದಕ್ಕುವ ರೂಪಕ್ಕೆ ಬರುವುದು ಅಲ್ಲಿ. ರೆನಿನ್ ಅನ್ನುವ ವಸ್ತುವನ್ನು ರಕ್ತಕ್ಕೆ ಸೇರಿಸಿ ಬಿಪಿಯನ್ನು ಹಿಡಿತದಲ್ಲಿಡುವುದೂ ಅದೇ. ಡಯಾಲಿಸಿಸ್ ಯಂತ್ರಕ್ಕೆ ಇದ್ಯಾವುದೂ ಬರುವುದಿಲ್ಲ. 1989ರಲ್ಲಿ ಅಮೆರಿಕದಲ್ಲಿ ಎರಿತ್ರೋಪೊಯೆಟಿನ್ ಇಂಜೆಕ್ಷನ್ನಿಗೆ ಒಪ್ಪಿಗೆ ಸಿಗುವವರೆಗೆ ಡಯಾಲಿಸಿಸ್ ರೋಗಿಗಳು ಸದಾ ರಕ್ತಹೀನತೆಯಲ್ಲೇ ಇರುತ್ತಿದ್ದರು, ಮತ್ತೆ ಮತ್ತೆ ಬೇರೆಯವರ ರಕ್ತ ಹಾಕಿಸಿಕೊಳ್ಳುತ್ತಿದ್ದರು. ಆ ಪುಟ್ಟ ಇಂಜೆಕ್ಷನ್ ಕೂಡ ಕೃತಕ ಕಿಡ್ನಿಯ ಒಂದು ಭಾಗ ಅಂತಲೇ ನಾನು ಎಣಿಸುತ್ತೇನೆ. ಯಂತ್ರ ಬಿಟ್ಟ ಒಂದು ಕೆಲಸವನ್ನು ಅದು ಮಾಡಿತು. ಚಿಕ್ಕಪ್ಪ ಮೆಟ್ಟಿಲು ಹತ್ತುವುದು ಅದರಿಂದ.

ಹಾಗಂತ ಈ ಯಂತ್ರದ ಮೇಲೆ ನನಗೆ ಅಸಮಾಧಾನ ಇಲ್ಲ, ತುಂಬಾ ಗೌರವ ಇದೆ. ಅದು ಹುಟ್ಟಿದ್ದೇ ಎಂಥ ಕಾಲದಲ್ಲಿ! ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಹಿಡಿದಿಟ್ಟಿದ್ದ ನೆದರ್ಲೆಂಡ್ಸ್‌ನ ಕಾಂಪೆನ್ ಅನ್ನುವ ಊರಿನಲ್ಲಿ ವಿಲ್ಲೆಮ್ ಕೋಲ್ಫ್ ಅನ್ನುವ ಯುವ ವೈದ್ಯರು ಅದನ್ನು ಕಟ್ಟಿದರು. ಸಾಸೇಜ್ ತುಂಬಲು ಬಳಸುತ್ತಿದ್ದ ಸೆಲ್ಲೊಫೇನ್ ಕೊಳವೆಯನ್ನು ಮರದ ಪಟ್ಟಿಗಳ ಡ್ರಮ್ಮಿಗೆ ಸುತ್ತಿ, ಡ್ರಮ್ಮಿನ ಕೆಳಭಾಗ ಉಪ್ಪುನೀರಿನ ತೊಟ್ಟಿಯಲ್ಲಿ ಮುಳುಗುವ ಹಾಗೆ ತಿರುಗಿಸಿದರು. ಕೊಳವೆಯೊಳಗೆ ರೋಗಿಯ ರಕ್ತ, ಹೊರಗೆ ಉಪ್ಪುನೀರು. 1943ರಿಂದ ಎರಡು ವರ್ಷ ಅವರು ನೋಡಿದ ರೋಗಿಗಳು ಹೆಚ್ಚುಕಡಿಮೆ ಎಲ್ಲರೂ ತೀರಿಕೊಂಡರು. 1945ರಲ್ಲಿ 67 ವರ್ಷದ ಒಬ್ಬ ಹೆಂಗಸು ಕೋಮಾದಿಂದ ಎದ್ದರು. ಅವರ ಸ್ವಂತ ಕಿಡ್ನಿ ಚೇತರಿಸಿಕೊಳ್ಳುವವರೆಗೆ ಯಂತ್ರ ಜೀವ ಹಿಡಿದಿಟ್ಟಿತ್ತು. ಆಗ ಅದರಿಂದ ಸಾಧ್ಯವಿದ್ದದ್ದು ಅಷ್ಟೇ. ಪ್ರತಿ ಸಲವೂ ಹೊಸದಾಗಿ ರಕ್ತನಾಳ ಕತ್ತರಿಸಿ ನಳಿಗೆ ತೂರಿಸಬೇಕಿತ್ತು. ಹಲವು ಸಲ ಆದಮೇಲೆ ಚುಚ್ಚುವುದಕ್ಕೆ ನಾಳವೇ ಉಳಿಯುತ್ತಿರಲಿಲ್ಲ. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ಅನ್ನುವ ವೈದ್ಯರು ತೋಳಿನಲ್ಲೇ ಇರಬಲ್ಲ ಟೆಫ್ಲಾನ್ ಕೊಳವೆಯನ್ನು ಮಾಡಿದ ಮೇಲೆ ಇದು ಬದಲಾಯಿತು. ಅವರ ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್ ಆಮೇಲೆ 11 ವರ್ಷ ಬದುಕಿದರು.

ಈಗ ಟೆಫ್ಲಾನ್ ಕೊಳವೆ ಇಲ್ಲ, ಫಿಸ್ಟುಲಾ ಇದೆ. ತೋಳಿನ ಒಂದು ಅಪಧಮನಿಯನ್ನು (ಹೃದಯದಿಂದ ರಕ್ತ ತರುವ ನಾಳ) ಪಕ್ಕದ ಅಭಿಧಮನಿಗೆ (ರಕ್ತವನ್ನು ವಾಪಸ್ ಒಯ್ಯುವ ನಾಳ) ಹೊಲಿಯುತ್ತಾರೆ. ರಭಸದ ರಕ್ತ ನುಗ್ಗಿ ನುಗ್ಗಿ ಕೆಲವು ವಾರಗಳಲ್ಲಿ ಆ ಅಭಿಧಮನಿ ದಪ್ಪಗಾಗುತ್ತದೆ, ಸೂಜಿಗೆ ಸಿದ್ಧವಾಗುತ್ತದೆ. 1966ರಲ್ಲಿ ಈ ವಿಧಾನ ಪ್ರಕಟವಾಯಿತು, ಇವತ್ತಿಗೂ ಇದಕ್ಕಿಂತ ಒಳ್ಳೆಯದು ಬಂದಿಲ್ಲ. ಚಿಕ್ಕಪ್ಪನಿಗೆ ಫಿಸ್ಟುಲಾ ಮಾಡಿ ಸ್ವಲ್ಪ ದಿನಕ್ಕೆ ನೋಡಲು ಹೋಗಿದ್ದೆ. ಅವರು ಮಾತಾಡದೆ ನನ್ನ ಕೈ ಹಿಡಿದು ತಮ್ಮ ಎಡ ಮುಂಗೈ ಮೇಲೆ ಇಟ್ಟುಕೊಂಡರು. 'ಗೊತ್ತಾಗ್ತಿದೆಯಾ?' ಅಂದರು. ಚರ್ಮದ ಕೆಳಗೆ ಏನೋ ಸಣ್ಣಗೆ ನಡುಗುತ್ತಿತ್ತು. ಗುರುಗುಟ್ಟುವ ಬೆಕ್ಕಿನ ಬೆನ್ನ ಮೇಲೆ ಕೈಯಿಟ್ಟ ಹಾಗೆ. 'ಇದು ನಿಂತ್ರೆ ಕಷ್ಟ. ಎದ್ದ ತಕ್ಷಣ ಇದನ್ನೇ ಮುಟ್ಟಿ ನೋಡೋದು' ಅಂದರು. ಆ ತೋಳಿಗೆ ಬಿಪಿ ಪಟ್ಟಿ ಕಟ್ಟಬಾರದು, ಭಾರ ಎತ್ತಬಾರದು, ಅದರ ಮೇಲೆ ತಲೆಯಿಟ್ಟು ಮಲಗಬಾರದು. ರಕ್ತ ಹೆಪ್ಪುಗಟ್ಟಿ ನಡುಕ ನಿಂತರೆ ಮತ್ತೆ ಆಪರೇಷನ್. ಚಿಕ್ಕಪ್ಪ ಅದನ್ನು ಕಾಯುವುದು ನೋಡಿದ ಮೇಲೆ ನನಗನ್ನಿಸಿದ್ದು, ಕೃತಕ ಕಿಡ್ನಿ ಇರುವುದು ಆಸ್ಪತ್ರೆಯ ಆ ಪೆಟ್ಟಿಗೆಯಲ್ಲಿ ಮಾತ್ರ ಅಲ್ಲ. ಸ್ವಲ್ಪ ಇವರ ತೋಳಿನಲ್ಲಿದೆ, ಇನ್ನು ಸ್ವಲ್ಪ ಚಿಕ್ಕಮ್ಮನ ಅಳತೆಯ ಬಾಟಲಿಯಲ್ಲಿದೆ.

ನಾಡಿ ಸಿಗದ ಮನುಷ್ಯ

ಹೃದಯದ ಕತೆ ಸ್ವಲ್ಪ ಬೇರೆ. ಹೃದಯಕ್ಕೆ ಮುಖ್ಯವಾಗಿ ಒಂದೇ ಕೆಲಸ, ರಕ್ತ ತಳ್ಳುವುದು. ಆದ್ದರಿಂದ ಎಂಜಿನಿಯರುಗಳಿಗೆ ಅದು ಬೇಗ ಎಟುಕುತ್ತದೆ ಅಂತ ಎಲ್ಲರೂ ನಂಬಿದ್ದರು. 1982ರ ಡಿಸೆಂಬರ್ 2ರಂದು ಯೂಟಾ ವಿಶ್ವವಿದ್ಯಾಲಯದಲ್ಲಿ ಬಾರ್ನಿ ಕ್ಲಾರ್ಕ್ ಅನ್ನುವ ದಂತವೈದ್ಯರಿಗೆ ಜಾರ್ವಿಕ್-7 ಅನ್ನುವ ಪೂರ್ತಿ ಕೃತಕ ಹೃದಯ ಹಾಕಿದರು. ಅವರು 112 ದಿನ ಬದುಕಿದರು. ಎದೆಯೊಳಗಿನ ಹೃದಯಕ್ಕೆ ಗಾಳಿ ಒತ್ತುವ ಯಂತ್ರ ಹೊರಗಿತ್ತು. ಅದರ ತೂಕ ಸುಮಾರು 180 ಕಿಲೋ. ಮಂಚದಿಂದ ಎದ್ದರೂ ಕೊಳವೆಯ ಉದ್ದದಷ್ಟೇ ಪ್ರಪಂಚ. ಯಂತ್ರ ಬಡಿಯುತ್ತಲೇ ಇತ್ತು, ರಕ್ತದ ಹೆಪ್ಪು, ಸೋಂಕು, ಮೂರ್ಛೆ ಒಂದಾದ ಮೇಲೊಂದು ಬಂದವು.

ನಮ್ಮ ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ವರ್ಷಕ್ಕೆ ಮೂರೂವರೆ ಕೋಟಿ ಸಲ ಮಡಚಿ ಬಿಚ್ಚಿದರೂ ಹರಿಯದ ವಸ್ತುವನ್ನು ಮಾಡುವುದು ಬಹಳ ಕಷ್ಟ. ಹಾಗಾಗಿ ಒಂದು ಹಂತದಲ್ಲಿ ಬಡಿತವನ್ನೇ ಕೈಬಿಟ್ಟರು. ರೋಟರ್ ಅನ್ನುವ ಒಂದು ಪುಟ್ಟ ಚಕ್ರ ತಿರುಗುತ್ತಲೇ ಇರಲಿ, ರಕ್ತ ನಿಲ್ಲದೆ ಹರಿಯಲಿ, ಸಾಕಲ್ವಾ? ಇಂಥ ಪಂಪನ್ನು ಸೋತ ಹೃದಯದ ಜೊತೆಗೇ ಜೋಡಿಸುತ್ತಾರೆ. 2011ರಲ್ಲಿ ಹ್ಯೂಸ್ಟನ್‌ನಲ್ಲಿ ಬಡ್ ಫ್ರೇಜಿಯರ್ ಮತ್ತು ಬಿಲ್ಲಿ ಕೋನ್ ಅನ್ನುವ ಶಸ್ತ್ರವೈದ್ಯರು ಇನ್ನೂ ಮುಂದೆ ಹೋದರು. ಒಬ್ಬರ ಹೃದಯವನ್ನೇ ತೆಗೆದು ಇಂಥ ಎರಡು ಪಂಪು ಕೂರಿಸಿದರು. ಆ ರೋಗಿ ಕುಟುಂಬದವರ ಜೊತೆ ಮಾತಾಡಿದರು, ಒಂದು ತಿಂಗಳಿಗೂ ಹೆಚ್ಚು ಬದುಕಿದರು. ಕೈ ಹಿಡಿದರೆ ನಾಡಿ ಇಲ್ಲ, ಎದೆಗೆ ಕಿವಿಯಿಟ್ಟರೆ ಬಡಿತ ಇಲ್ಲ. ಜೀವ ಇದೆಯೋ ಇಲ್ಲವೋ ಅಂತ ಮನುಷ್ಯರು ಸಾವಿರಾರು ವರ್ಷ ಕೈ ಹಿಡಿದು ನೋಡಿದ ಗುರುತು ಅಲ್ಲಿ ಇರಲೇ ಇಲ್ಲ. ಇದನ್ನು ಮೊದಲ ಸಲ ಓದಿದಾಗ ನಾನು ನನ್ನ ಮಣಿಕಟ್ಟನ್ನು ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದೆ.

ಬಡಿತ ಬೇಕಾಗಿರಲಿಲ್ಲ ಅಂತ ತೀರ್ಮಾನಿಸುವುದಕ್ಕೆ ಆಗಲಿಲ್ಲ ನೋಡಿ. ಒಂದೇ ಸಮನೆ ಹರಿಯುವ ರಕ್ತದಲ್ಲಿ ಬದುಕಿದವರಿಗೆ ಕರುಳಿನಲ್ಲಿ ರಕ್ತ ಒಸರುವ ತೊಂದರೆ ಕಾಣಿಸಿತು. ರೋಟರಿನ ರಭಸಕ್ಕೆ ರಕ್ತ ಹೆಪ್ಪುಗಟ್ಟಿಸುವ ಒಂದು ದೊಡ್ಡ ಪ್ರೋಟೀನ್ ತುಂಡಾಗುತ್ತಿತ್ತು. ಕರುಳಿನ ಗೋಡೆಯಲ್ಲಿ ಸಡಿಲವಾದ ಪುಟ್ಟ ನಾಳಗಳು ಹುಟ್ಟುತ್ತಿದ್ದವು. ಪಂಪಿನೊಳಗೆ ರಕ್ತ ಹೆಪ್ಪುಗಟ್ಟುವ ಭಯ ಬೇರೆ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಹಾರ್ಟ್‌ಮೇಟ್ 3 ಅನ್ನುವ ಪಂಪಿನಲ್ಲಿ ರೋಟರು ಅಯಸ್ಕಾಂತದ ಬಲದಲ್ಲಿ ಯಾವುದಕ್ಕೂ ತಾಗದೆ ತೇಲುತ್ತದೆ. ಜೊತೆಗೆ 2 ಸೆಕೆಂಡಿಗೊಮ್ಮೆ ಅದರ ವೇಗವನ್ನು ಬೇಕೆಂದೇ ಏರಿಳಿಸುತ್ತಾರೆ, ಒಳಗೆ ರಕ್ತ ಎಲ್ಲೂ ನಿಲ್ಲದಿರಲಿ ಅಂತ. ಅಂದರೆ ಬಿಟ್ಟುಬಿಟ್ಟಿದ್ದ ಬಡಿತದ ಒಂದು ಚೂರನ್ನು ವಾಪಸ್ ತಂದಿದ್ದಾರೆ. ಒಂದೇ ಕೆಲಸ ಅಂದುಕೊಂಡಿದ್ದ ಹೃದಯದಲ್ಲೂ ಇಷ್ಟು ಅಡಗಿತ್ತು.

ಬರೀ ಕೊಳವೆ ಅಂದವರು

ಇದಕ್ಕಿಂತ ಕಹಿಯಾದ ಒಂದು ಉದಾಹರಣೆ ಇದೆ, ಅದನ್ನು ಬಿಡುವುದಕ್ಕೆ ಮನಸ್ಸು ಬರುವುದಿಲ್ಲ. ಶ್ವಾಸನಾಳ ನೋಡಲು ಬರೀ ಕೊಳವೆ. 2011ರಲ್ಲಿ ಸ್ವೀಡನ್‌ನ ಕರೋಲಿನ್‌ಸ್ಕಾ ಆಸ್ಪತ್ರೆಯಲ್ಲಿ ಪಾವ್ಲೊ ಮಕಿಯಾರಿನಿ ಅನ್ನುವ ಶಸ್ತ್ರವೈದ್ಯ ಪ್ಲಾಸ್ಟಿಕ್ ಶ್ವಾಸನಾಳಕ್ಕೆ ರೋಗಿಯದೇ ಕಾಂಡಕೋಶ (ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಸವರಿ ಕಸಿ ಮಾಡಿದರು. ಅದು ಜೀವಂತ ನಾಳವಾಗಿ ಬೆಳೆಯುತ್ತದೆ ಅಂತ ಜಗತ್ತಿಗೆಲ್ಲ ಹೇಳಿದರು. ಬೆಳೆಯಲಿಲ್ಲ. ನಿಜವಾದ ಶ್ವಾಸನಾಳದ ಗೋಡೆಗೆ ರಕ್ತ ಹರಿಯುತ್ತಿರುತ್ತದೆ. ಒಳಗೆಲ್ಲ ಕಣ್ಣಿಗೆ ಕಾಣದ ಕೂದಲುಗಳಿರುತ್ತವೆ, ಕಫವನ್ನು ಹಗಲೂರಾತ್ರಿ ಮೇಲಕ್ಕೆ ಗುಡಿಸುತ್ತವೆ. ಪ್ಲಾಸ್ಟಿಕ್ಕಿಗೆ ಅದೆಲ್ಲ ಎಲ್ಲಿಂದ ಬರಬೇಕು? ಸ್ವೀಡನ್‌ನಲ್ಲಿ ಅದನ್ನು ಹಾಕಿಸಿಕೊಂಡ ಮೂವರೂ ಸತ್ತರು. 2023ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಆತನಿಗೆ ಎರಡೂವರೆ ವರ್ಷ ಜೈಲು ವಿಧಿಸಿತು. ಆ ಮೂವರ ಕೊನೆಯ ದಿನಗಳ ವಿವರ ಓದಿದರೆ ಸಿಟ್ಟು ಬರುತ್ತದೆ. ಅಂಗದ ಆಕಾರ ಮಾಡಿಬಿಟ್ಟರೆ ಕೆಲಸ ತಾನಾಗಿ ಬಂದುಬಿಡುತ್ತದೆ ಅನ್ನುವ ನಂಬಿಕೆಗೆ ಬೇರೆಯವರು ಜೀವ ತೆತ್ತರು.

ಜೀವಕೋಶಗಳನ್ನು ಪದರ ಪದರವಾಗಿ ಕೂರಿಸಿ ಅಂಗಗಳನ್ನು ಪ್ರಿಂಟ್ ಮಾಡುವ ಸುದ್ದಿ ಬಂದಾಗ ಇದನ್ನು ನೆನಪಿಟ್ಟುಕೊಳ್ಳಬೇಕು. ರಕ್ತನಾಳದಿಂದ ಒಂದು ಮಿಲಿಮೀಟರಿನ ಐದನೇ ಒಂದು ಭಾಗಕ್ಕಿಂತ ದೂರವಿದ್ದರೆ ಜೀವಕೋಶ ಉಳಿಯುವುದು ಕಷ್ಟ. ಹಾಗಾಗಿ ತೆಳ್ಳಗಿರುವುದು ಮೊದಲು ಸಾಧ್ಯವಾಯಿತು. ಅಮೆರಿಕದ ವೈದ್ಯ ಆಂಥೊನಿ ಅಟಾಲ ಅವರ ತಂಡ 7 ಜನ ಎಳೆಯ ರೋಗಿಗಳ ಸ್ವಂತ ಕೋಶಗಳಿಂದಲೇ ಮೂತ್ರಚೀಲದ ಗೋಡೆ ಬೆಳೆಸಿ, ಹಾಕಿ, ಕೆಲವು ವರ್ಷ ಕಾದು ನೋಡಿ, ಆಮೇಲೆ 2006ರಲ್ಲಿ ಪ್ರಕಟಿಸಿತು. ಕಾದು ನೋಡಿದರಲ್ಲ, ಅದು ನನಗೆ ಇಷ್ಟವಾಗುತ್ತದೆ. ಲಿವರಿನಂಥ ಗಟ್ಟಿ ಅಂಗ ಇನ್ನೂ ದೂರ. ಲಿವರಿಗೆ ನೂರಾರು ಕೆಲಸ. ರಕ್ತದ ವಿಷ ತೆಗೆಯುವುದನ್ನು ಯಂತ್ರ ಸ್ವಲ್ಪ ಮಟ್ಟಿಗೆ ಮಾಡುತ್ತದೆ, ಪ್ರೋಟೀನ್ ತಯಾರಿಸುವುದನ್ನು ಮಾಡುವುದಿಲ್ಲ. ಅಲ್ಲಿ ಯಂತ್ರಗಳು ಬೇರೆ ದಾರಿ ಹಿಡಿದಿವೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಬೇರೆ ಆಸ್ಪತ್ರೆಗಳು ಬೇಡವೆಂದ ಒಂದು ಲಿವರನ್ನು ಮೈಯ ಬಿಸಿಯಲ್ಲೇ ಯಂತ್ರದಲ್ಲಿ 3 ದಿನ ಇಟ್ಟು, ಔಷಧ ಕೊಟ್ಟು ಸರಿಪಡಿಸಿ, 2021ರಲ್ಲಿ ಒಬ್ಬರಿಗೆ ಹಾಕಿದರು. ಅಂಗದ ಕೆಲಸವನ್ನು ತಾನು ಮಾಡಲು ಹೋಗದೆ, ಅಂಗವನ್ನು ನೋಡಿಕೊಳ್ಳುವ ಯಂತ್ರ ಅದು.

ಎಲ್ಲ ಕೆಲಸ ಗೊತ್ತಿರುವ ಅಂಗ

ಹಂದಿಯ ಅಂಗಗಳ ಮೇಲೆ ಯಾಕಿಷ್ಟು ಆಸೆ ಅಂತ ಇದರಿಂದ ಗೊತ್ತಾಗುತ್ತದೆ. ಅದು ಪೂರ್ತಿ ಅಂಗ. ಸೋಸುವುದು, ಹೀರಿಕೊಳ್ಳುವುದು, ಹಾರ್ಮೋನ್ ಬಿಡುವುದು ಯಾವುದನ್ನೂ ಯಾರೂ ಕಲಿಸಬೇಕಿಲ್ಲ. ತೊಂದರೆ ಅಂದರೆ ನಮ್ಮ ಮೈ ಅದನ್ನು ನಿಮಿಷಗಳಲ್ಲಿ ಶತ್ರು ಅಂತ ಗುರುತಿಸುತ್ತದೆ. 2022ರ ಜನವರಿಯಲ್ಲಿ ಮೇರಿಲ್ಯಾಂಡ್‌ನಲ್ಲಿ ಹಂದಿಯ ಹೃದಯ ಪಡೆದ ಡೇವಿಡ್ ಬೆನೆಟ್ ಎರಡು ತಿಂಗಳು ಬದುಕಿದರು. ಮೈ ಅದನ್ನು ಒಪ್ಪಿಕೊಳ್ಳಲಿ ಅಂತ ಆ ಹಂದಿಯಲ್ಲಿ 10 ಜೀನ್ ಬದಲಾವಣೆ ಮಾಡಿದ್ದರು. ಹೃದಯ ಮನುಷ್ಯನ ಎದೆಯಲ್ಲಿ ಹಂದಿಯ ಅಳತೆಗೆ ಬೆಳೆದುಬಿಡದಿರಲಿ ಅಂತ ಮಾಡಿದ್ದೂ ಅದರಲ್ಲೊಂದು. ಬಾಸ್ಟನ್ನಿನ ಕಿಡ್ನಿಯಲ್ಲಿ 69 ತಿದ್ದುಪಡಿ ಇದ್ದವು, 59 ಬರೀ ಹಂದಿಯ ವಂಶವಾಹಿಯಲ್ಲೇ ಅಡಗಿದ ವೈರಸ್‌ಗಳನ್ನು ಸುಮ್ಮನಾಗಿಸುವುದಕ್ಕೆ. ಅದನ್ನು ಹಾಕಿಸಿಕೊಂಡವರು ಎರಡು ತಿಂಗಳಲ್ಲಿ ತೀರಿಕೊಂಡರು, ಮೈ ಕಿಡ್ನಿಯನ್ನು ತಿರಸ್ಕರಿಸಿದ್ದರಿಂದ ಸಾವು ಬಂತು ಅನ್ನುವ ಗುರುತು ಕಾಣಲಿಲ್ಲ. 2025ರ ಜನವರಿಯಲ್ಲಿ ಅದೇ ಆಸ್ಪತ್ರೆಯಲ್ಲಿ ಹಾಕಿದ ಇನ್ನೊಂದು ಕಿಡ್ನಿ 271 ದಿನ ಕೆಲಸ ಮಾಡಿತು, ಆಮೇಲೆ ತೆಗೆಯಬೇಕಾಯಿತು. ಅಷ್ಟು ದಿನ ಆ ಮನುಷ್ಯ ಡಯಾಲಿಸಿಸ್ ಇಲ್ಲದೆ ಇದ್ದರು.

ಚಿಕ್ಕಮ್ಮನಿಗೆ ನಾನು 'ಹೌದು, ಕಿಡ್ನಿ ಕೆಲಸ ಮಾಡುವಷ್ಟು ದಿನ ನೀರು ಕುಡೀಬಹುದು' ಅಂತ ಬರೆದೆ. ಅಷ್ಟು ಬರೆದು ನಿಲ್ಲಿಸುವುದು ಸರಿಯಲ್ಲ ಅನ್ನಿಸಿ ಫೋನ್ ಮಾಡಿದೆ. ಮೈಯ ರಕ್ಷಣಾಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ಬಿಡದೆ ನುಂಗಬೇಕು, ಸಣ್ಣ ಸೋಂಕೂ ದೊಡ್ಡದಾಗಬಹುದು, ಮನುಷ್ಯರ ಕಿಡ್ನಿ ಹಾಕಿಸಿಕೊಂಡರೂ ಇದು ತಪ್ಪುವುದಿಲ್ಲ ಅಂತ ಹೇಳಿದೆ. ಹಂದಿಯ ರೆನಿನ್ ನಮ್ಮ ರಕ್ತದಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ, ಪೂರ್ತಿ ಅಂಗವೂ ಪೂರ್ತಿ ಹೊಂದುವುದಿಲ್ಲ ಅಂತಲೂ ಹೇಳಿದೆ. ಚಿಕ್ಕಮ್ಮ ಎಲ್ಲ ಕೇಳಿಕೊಂಡು, 'ಮಾತ್ರೆ ತಾನೆ? ಮಾತ್ರೆ ನಾನು ಕೊಡ್ತೀನಿ ಬಿಡು' ಅಂದರು. ಆ ಮಾತಿನಲ್ಲಿ ಧೈರ್ಯವೂ ಇತ್ತು, ಸುಸ್ತೂ ಇತ್ತು. ಉಳಿದ ಕೆಲಸ ತನ್ನದೇ ಅಂತ ಅವರು ಯಾವತ್ತೋ ಒಪ್ಪಿಕೊಂಡಿದ್ದರು.

ಮನೆಯಲ್ಲಿ ಯಾರಿದ್ದಾರೆ?

1960ರ ದಶಕದ ಸಿಯಾಟಲ್‌ನಲ್ಲಿ ಯಂತ್ರಗಳು ಕಡಿಮೆ, ಸಾಯುತ್ತಿದ್ದವರು ಬಹಳ. ಯಾರಿಗೆ ಡಯಾಲಿಸಿಸ್ ಕೊಡುವುದು ಅಂತ ತೀರ್ಮಾನಿಸಲು 7 ಜನರ ಒಂದು ಸಮಿತಿ ಮಾಡಿದ್ದರು. ಹೆಸರು ಗುಟ್ಟಾಗಿಟ್ಟಿದ್ದ ಆ ಏಳು ಜನ ರೋಗಿಯ ವಯಸ್ಸು, ಮದುವೆ, ಅವಲಂಬಿತರು, ಆದಾಯ, ಉದ್ಯೋಗ ಎಲ್ಲವನ್ನೂ ತೂಗಿ ನೋಡುತ್ತಿದ್ದರು. 1962ರಲ್ಲಿ ಲೈಫ್ ಪತ್ರಿಕೆಯಲ್ಲಿ ಇದು ಬಂದಾಗ ಜನ ಬೆಚ್ಚಿಬಿದ್ದರು. ಕೊನೆಗೆ 1972ರಲ್ಲಿ ಅಮೆರಿಕದ ಸರ್ಕಾರ ಹೆಚ್ಚುಕಡಿಮೆ ಎಲ್ಲರ ಡಯಾಲಿಸಿಸ್ ಖರ್ಚನ್ನೂ ವಹಿಸಿಕೊಳ್ಳುವ ಕಾನೂನು ಮಾಡಿತು.

ಅಂಥ ಸಮಿತಿ ಈಗ ಇಲ್ಲ. ಆದರೆ ಹೃದಯಕ್ಕೆ ಪಂಪು ಹಾಕುವ ಮುಂಚೆ ಬಹಳ ಕಡೆ ವೈದ್ಯರು ಒಂದು ಪ್ರಶ್ನೆ ಕೇಳುತ್ತಾರೆ, ಮನೆಯಲ್ಲಿ ನೋಡಿಕೊಳ್ಳುವವರು ಯಾರಿದ್ದಾರೆ ಅಂತ. ಕೇಳುವುದಕ್ಕೆ ಕಾರಣ ಇದೆ. ಪಂಪಿನ ತಂತಿ ಹೊಟ್ಟೆಯ ಚರ್ಮದಿಂದ ಹೊರಗೆ ಬಂದಿರುತ್ತದೆ. ಆ ಗಾಯಕ್ಕೆ ಕೈ ಚೊಕ್ಕ ಮಾಡಿಕೊಂಡು ಡ್ರೆಸ್ಸಿಂಗ್ ಬದಲಿಸುತ್ತಲೇ ಇರಬೇಕು, ಸೋಂಕು ಒಳಗೆ ಹೋಗುವುದು ಆ ದಾರಿಯಿಂದಲೇ. ಬ್ಯಾಟರಿ ಬದಲಿಸಬೇಕು. ಅಲಾರಂ ಹೊಡೆದರೆ ಏಳಬೇಕು. ಸ್ನಾನ ಮಾಡುವಾಗ ಯಂತ್ರಕ್ಕೆ ನೀರು ಸೋಕದ ಹಾಗೆ ಚೀಲ ಕಟ್ಟಬೇಕು. ಮೈಮೇಲೆ ಎಚ್ಚರವಿಲ್ಲದೆ ಬಿದ್ದರೆ, ನಾಡಿ ಸಿಗದಿದ್ದರೂ ಇವರು ಬದುಕಿದ್ದಾರೆ ಅಂತ ಆಂಬುಲೆನ್ಸ್‌ನವರಿಗೆ ಹೇಳುವವರು ಬೇಕು. ಒಂಟಿಯಾಗಿ ಬದುಕುವ ಒಬ್ಬರು ಈ ಪ್ರಶ್ನೆಗೆ ಏನು ಹೇಳಬೇಕು? ಯಾರೂ ಇಲ್ಲ ಅಂದರೆ ಪಂಪು ಸಿಗುವ ಅವಕಾಶ ಕಡಿಮೆಯಾಗುತ್ತದೆ. ವೈದ್ಯರನ್ನು ನಾನು ದೂರುವುದಿಲ್ಲ. ಯಂತ್ರ ಇಷ್ಟು ಕೆಲಸ ಬಾಕಿ ಬಿಟ್ಟಿರುವಾಗ ಅವರು ಇನ್ನೇನು ಕೇಳಬೇಕು?

ಅದಕ್ಕೇ ಹೃದಯದ ವಿಷಯದಲ್ಲಿ ನಾನು ಕಾಯುತ್ತಿರುವುದು ತಂತಿ ಇಲ್ಲದ ಪಂಪಿಗೆ. ಪ್ರಯತ್ನ ಹೊಸದೇನಲ್ಲ. 2001ರಲ್ಲಿ ಲೂಯಿವಿಲ್‌ನಲ್ಲಿ ರಾಬರ್ಟ್ ಟೂಲ್ಸ್ ಅವರಿಗೆ ಹಾಕಿದ ಅಬಿಯೊಕೋರ್ ಅನ್ನುವ ಕೃತಕ ಹೃದಯ ಚರ್ಮದ ಮೂಲಕವೇ, ಎಲ್ಲೂ ತೂತು ಮಾಡದೆ, ವಿದ್ಯುತ್ ಪಡೆಯುತ್ತಿತ್ತು. ಅವರು 151 ದಿನ ಬದುಕಿದರು. ಆ ಹೃದಯ ತುಂಬಾ ದೊಡ್ಡದಿತ್ತು, ಬಾಳಿಕೆ ಕಡಿಮೆ ಇತ್ತು. ಈಗ ಬಂದಿರುವ ಬೈವಾಕೋರ್ ಅನ್ನುವ ಕೃತಕ ಹೃದಯ ಮುಷ್ಟಿಯಷ್ಟಿದೆ, ತಿರುಗುವ ಭಾಗ ಒಂದೇ, ಅದೂ ಅಯಸ್ಕಾಂತದಲ್ಲಿ ತೇಲುತ್ತದೆ. 2024ರ ನವೆಂಬರ್‌ನಲ್ಲಿ ಅದನ್ನು ಸಿಡ್ನಿಯಲ್ಲಿ ಹಾಕಿಸಿಕೊಂಡ ಒಬ್ಬರು ಆಸ್ಪತ್ರೆಯಿಂದ ಹೊರಗೆ ಬಂದು, ಮನುಷ್ಯರ ಹೃದಯ ಸಿಗುವವರೆಗೆ 100 ದಿನಕ್ಕೂ ಹೆಚ್ಚು ಅದರ ಮೇಲೇ ಬದುಕಿದರು. ಅದಕ್ಕೂ ಇನ್ನೂ ತಂತಿ ಇದೆ. ಆ ತಂತಿ ಹೋದ ದಿನ ಡ್ರೆಸ್ಸಿಂಗ್ ಮಾಡುವ ಕೈ ಬೇಕಾಗುವುದಿಲ್ಲ, ಮನೆಯಲ್ಲಿ ಯಾರೂ ಇಲ್ಲ ಅನ್ನುವವರ ಹೆಸರನ್ನೂ ಪಟ್ಟಿಗೆ ಬರೆದುಕೊಳ್ಳಬಹುದು.